ಬಂದರಿನಲ್ಲೇ ಉಳಿದ ತೆಂಗಿನ ಮೊಳಕೆ

ಹೊಳೆದಂಡೆಯ ಮನೋಳಿಯ ನಮ್ಮ ಹಿತ್ತಲಿನಲ್ಲಿ ಒಂದು ತೆಂಗಿನ ಮರವಿದೆ. ನನ್ನ ಮಗಳು ಅದನ್ನು ಅಣ್ಣ ಎಂದು ಕರೆಯುತ್ತಾಳೆ. ಬೆಳಿಗ್ಗೆ ಬಾಯಿ ಮುಕ್ಕಳಿಸಿದ ಕೂಡಲೇ ತನ್ನ ಸಣ್ಣ ಚರಿಗೆಯಲ್ಲಿ ನೀರು ಒಯ್ದು ಅದರ ಬುಡಕ್ಕೆ ಹಾಕಿ, ‘ಅಣ್ಣಾ, ಕುಡೀಪಾ’ ಎಂದು ಹೇಳಿ ಒಳಗೆ ಬರುತ್ತಾಳೆ. ಪಂಚಮಿಗೆ ಹಾಲೆರೆಯುವಾಗ ನಾಗಪ್ಪನಿಗೆ ಒಂದು ಪಾಲು, ಅಣ್ಣನಿಗೆ ಒಂದು ಪಾಲು. ನೋಡಿದವರು ನಕ್ಕು, ಎಷ್ಟು ಚೆಂದ ಅನ್ನುತ್ತಾರೆ. ನಾನು ಮಾತ್ರ ಆ ಹೊತ್ತಿಗೆ ಹಿತ್ತಲ ಕಡೆ ಸುಳಿಯುವುದಿಲ್ಲ. ನನಗೆ ನಾಚಿಕೆಯಾಗುತ್ತದೆ. ಅದಕ್ಕೆ ಬೇರೆ ದೊಡ್ಡ ಹೆಸರೇನೂ ಬೇಡ.

ನಾನು ನೌಕಾಪಡೆಯಲ್ಲಿ ಹವಾಮಾನ ನೋಡುವ ಕೆಲಸದಲ್ಲಿದ್ದೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ, ಮೋಡ ಯಾವ ಬಗೆಯದು, ಮಳೆ ಎಷ್ಟು ಬಿತ್ತು, ಇಷ್ಟೇ ನನ್ನ ಶೌರ್ಯ. ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕರೆ, ‘ಏನ್ರಿ, ಬಾರ್ಡರ್ ಹೆಂಗೈತ್ರಿ?’ ಎಂದು ಕೇಳುತ್ತಿದ್ದರು. ಸಮುದ್ರಕ್ಕೆ ಎಲ್ಲಿಯ ಬಾರ್ಡರು! ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಆಮೇಲೆ ಬೇಸತ್ತು, ‘ಆರಾಮ ಐತ್ರಿ’ ಅಂದು ಚಹಾ ಕುಡಿದು ಎದ್ದು ಬರುತ್ತಿದ್ದೆ.

ನೌಕರಿಯ ಕೊನೆಯ ವರ್ಷ ನಮ್ಮ ಸರ್ವೇ ಹಡಗು ಪೆಸಿಫಿಕ್ ಸಾಗರದ ಕಡೆ ಹೊರಟಿತು. ಅಲ್ಲಿ ಭೂಪಟದಲ್ಲಿ ಸಾಸಿವೆ ಚೆಲ್ಲಿದಂತೆ ಬಿದ್ದಿರುವ ಸಣ್ಣ ಸಣ್ಣ ದ್ವೀಪಗಳಿವೆ. ಒಂದೊಂದರಲ್ಲೂ ಒಂದು ಹವಾಮಾನ ಠಾಣೆ: ಬಿಳಿಯ ಮರದ ಪೆಟ್ಟಿಗೆಯೊಳಗೆ ಉಷ್ಣಮಾಪಕ, ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ, ಕಂಬದ ಮೇಲೆ ಗಾಳಿ ತೋರುವ ಬಾಣ, ಅದನ್ನೆಲ್ಲ ನೋಡಿಕೊಳ್ಳುವ ಒಬ್ಬ ಸ್ಥಳೀಯ ಮನುಷ್ಯ. ಆ ಠಾಣೆಗಳು ನಿಂತ ಜಾಗವನ್ನು ಸರಿಯಾಗಿ ಅಳೆದು, ತಾನೇ ಸುದ್ದಿ ಕಳಿಸುವ ಹೊಸ ಯಂತ್ರವನ್ನು ಪಕ್ಕದಲ್ಲಿ ನಿಲ್ಲಿಸಿ ಬರುವುದು ನಮ್ಮ ಕೆಲಸವಾಗಿತ್ತು. ನನ್ನ ಹೆಂಡತಿ ಆಗ ಚೊಚ್ಚಲ ಬಸುರಿ, ಕಿತ್ತೂರಿನ ತವರಿಗೆ ಹೋಗಿದ್ದಳು. ಹೆರಿಗೆಗೆ ನೀವು ಇರಬೇಕು ಎಂದು ಅವಳು ಒಮ್ಮೆಯೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳದೆ ಇದ್ದದ್ದೇ ನನಗೆ ಚುಚ್ಚುತ್ತಿತ್ತು.

ಹಡಗಿನಲ್ಲಿ ನಮ್ಮ ಕಡೆಯವರು ಇನ್ನೊಬ್ಬರೇ ಇದ್ದರು. ರಾಮದುರ್ಗ ತಾಲೂಕಿನ ತೊರಗಲ್ಲಿನವರು, ವಯಸ್ಸಿನಲ್ಲೂ ಹುದ್ದೆಯಲ್ಲೂ ನನಗಿಂತ ದೊಡ್ಡವರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಕೊನೆಯ ದ್ವೀಪದಲ್ಲಿ ದೋಣಿಯಿಂದ ಇಳಿದವರೇ ಸೊಂಟದ ಮೇಲೆ ಕೈಯಿಟ್ಟು ನಾಲ್ಕೂ ಕಡೆ ನೋಡಿದರು. ನೆಲವೆಲ್ಲ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ‘ಇದೇನ ಊರೋ ತಮ್ಮಾ, ಹತ್ತಿ ನಿಂತ ನೋಡಾಕ ಒಂದ ಗುಡ್ಡಾ ಇಲ್ಲ, ಒಂದ ಕಿಲ್ಲಾ ಇಲ್ಲ!’ ಎಂದು ತೊರಗಲ್ಲಿನ ಕೋಟೆಯ ಕೆಳಗೆ ಬೆಳೆದ ಮನುಷ್ಯ ಗೊಣಗಿದರು.

ಆ ಠಾಣೆಯ ಯಜಮಾನ ನಡುವಯಸ್ಸು ದಾಟಿದವನು, ಮಿತಭಾಷಿ. ಅವನ ಹೆಂಡತಿ ಗಟ್ಟಿಮುಟ್ಟಾದ ಹೆಂಗಸು. ಯಜಮಾನನಿಗೆ ಇಂಗ್ಲಿಷ್ ಬರುತ್ತಿತ್ತು. ಅವಳಿಗೆ ಬಾರದು, ಬೇಕಾದದ್ದನ್ನು ಅವನ ಬಾಯಿಂದ ಹೇಳಿಸುತ್ತಿದ್ದಳು. ನಾನು ಮೀನು ಮುಟ್ಟುವುದಿಲ್ಲ ಎಂದು ತಿಳಿದ ದಿನದಿಂದ ಬಾಳೆಕಾಯಿ, ಹಲಸಿನ ಜಾತಿಯ ಅಲ್ಲಿಯದೊಂದು ಕಾಯಿ, ಎರಡನ್ನೂ ಬೇರೆ ಪಾತ್ರೆಯಲ್ಲಿ ಬೇಯಿಸಿ ನನ್ನ ಮುಂದೆ ಇಡುತ್ತಿದ್ದಳು. ಉಂಡು ಮುಗಿಸುವ ತನಕ ಎದುರಿಗೇ ಕೂತಿರುತ್ತಿದ್ದಳು. ಸಾಕು ಅಂದರೆ ಕೇಳುತ್ತಿರಲಿಲ್ಲ. ಥೇಟ್ ನಮ್ಮವ್ವ.

ಹೊಸ ಯಂತ್ರದ ಕಂಬ ನಿಲ್ಲಿಸಿ ಮುಗಿದ ದಿನ ಹಡಗಿನಿಂದ ಸುದ್ದಿ ಬಂತು, ಊರಿನ ಫೋನು ಇದೆ ಎಂದು. ಮಾವನವರು ಮಾತಾಡಿದರು. ‘ಬೈಲಹೊಂಗಲಕ ತಂದ ದವಾಖಾನ್ಯಾಗ ಸೇರಿಸೇವ್ರಿ. ಬ್ಯಾನಿ ಚಾಲೂ ಆಗಿ ಭಾಳ ಹೊತ್ತಾತು, ಡಾಕ್ಟರ್ ಇನ್ನೂ ಏನೂ ಹೇಳವಲ್ರು. ನೀವೇನ ಕಾಳಜಿ ಮಾಡಬ್ಯಾಡ್ರಿ’ ಅಂದರು. ಕಾಳಜಿ ಮಾಡಬೇಡ ಅಂದ ಮೇಲೆಯೇ ನನಗೆ ಕಾಳಜಿ ಹತ್ತಿತು.

ಕಾಕಾ ನನ್ನ ಮುಖ ನೋಡಿ ಅಂದರು: ‘ಇವತ್ತ ಅಮಾಸಿ. ಹೊಸಾ ಮಷೀನ ಚಾಲೂ ಮಾಡಾಕತ್ತೀವಿ, ಕಾಯಿ ಒಡೀಲಾರದ ಹೆಂಗ ಬಿಡೂದು? ಅದೂ ಅಲ್ದ, ಅಲ್ಲಿ ನಿನ್ನ ಹೇಣ್ತಿ ಬ್ಯಾನಿ ತಿನ್ನಾಕತ್ತಾಳ. ದೇವರ ಹೆಸರ್ಲೆ ಒಂದ ಕಾಯಿ ಒಡದ ಬಿಡು.’

ನಮ್ಮ ಕಡೆ ಇದು ಹೇಳಿಕೊಡಬೇಕಾದ ಮಾತೇ ಅಲ್ಲ. ಅಮಾವಾಸ್ಯೆ ಬಂದರೆ ಟ್ರ್ಯಾಕ್ಟರಿಗೂ ಕಾಯಿ, ಬೋರಿನ ಮೋಟಾರಿಗೂ ಕಾಯಿ, ಕಿರಾಣಿ ಅಂಗಡಿಯ ತಕ್ಕಡಿಗೂ ಕಾಯಿ. ನಮ್ಮ ಸಾಹೇಬರು ನಕ್ಕು, ಮಾಡಿ ಅಂದರು. ನಾನು ಕಾಯಿ ಹುಡುಕಿಕೊಂಡು ಹೊರಟೆ. ತೆಂಗಿನ ಮರಗಳಿಗೆ ಅಲ್ಲಿ ಬರವೇ? ಆದರೆ ಉಳಿದ ಮರಗಳ ಕೆಳಗೆ ಬಿದ್ದ ಕಾಯಿಗಳನ್ನು ಹಂದಿಗಳಿಗೆ ಸೀಳಿ ಹಾಕಿದ್ದರು. ಯಜಮಾನನ ಮನೆಯ ಮುಂದಿದ್ದ ಎತ್ತರದ ಮರದ ಕೆಳಗೆ ಮಾತ್ರ ಕಾಯಿಗಳು ಇಡಿಯಾಗಿ, ಚೊಕ್ಕವಾಗಿ ಇದ್ದವು. ಅದರ ಬುಡದ ಸುತ್ತ ಯಾರೋ ಬಿಳಿಯ ಚಿಪ್ಪುಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ನಮ್ಮೂರಲ್ಲಿ ಬನ್ನಿ ಗಿಡದ ಬುಡಕ್ಕೆ ನಾಲ್ಕು ಕಲ್ಲು ಇಟ್ಟು ಅರಿಶಿನ ಹಚ್ಚಿದ್ದರೆ ನಾನು ಚಪ್ಪಲಿ ಮೆಟ್ಟಿಕೊಂಡು ಹತ್ತಿರ ಹೋಗುವವನಲ್ಲ. ಅಲ್ಲಿ ಅದು ಅಲಂಕಾರಕ್ಕೆ ಇಟ್ಟದ್ದು ಅಂದುಕೊಂಡೆ. ಬೂಟುಗಾಲಲ್ಲೇ ಚಿಪ್ಪಿನ ಸುತ್ತನ್ನು ದಾಟಿ, ಒಳ್ಳೆಯದೊಂದು ಕಾಯಿ ಆರಿಸಿಕೊಂಡು ಬಂದೆ. ಥೂ ನನ್ನ!

ಹಾರೆಯಿಂದ ಸಿಪ್ಪೆ ಸುಲಿದು ಜುಟ್ಟು ಉಳಿಸಿದೆ. ಕಂಬಕ್ಕೆ ವಿಭೂತಿ ಹಚ್ಚಿದೆ, ಊದಿನಕಡ್ಡಿ ಬೆಳಗಿದೆ. ಹೆಂಡತಿಯ ಮುಖ ನೆನೆದು, ಅವಳೂ ಕೂಸೂ ಬದುಕಿ ಬರಲಿ ಎಂದು ಗಟ್ಟಿಯಾಗಿಯೇ ಬೇಡಿಕೊಂಡು ಕಾಂಕ್ರೀಟಿನ ಕಟ್ಟೆಗೆ ಹೊಡೆದೆ. ಕಾಯಿ ಎರಡು ಹೋಳಾಯಿತು. ‘ಭೇಷ್! ನೆಟ್ಟಗ ಒಡೀತು, ಚಲೋ ಆತು’ ಅಂದರು ಕಾಕಾ. ಹೋಳುಗಳನ್ನು ಚೂರು ಮಾಡಿ ಎಲ್ಲರಿಗೂ ಹಂಚಿದೆ. ಯಜಮಾನನಿಗೂ ಕೊಟ್ಟು, ಇದು ನಮ್ಮ ದೇವರ ಪ್ರಸಾದ, ನನ್ನ ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಅವಳ ಹೆಸರಿನಲ್ಲಿ ಒಡೆದೆ ಎಂದು ವಿವರಿಸಿದೆ. ಅವನು ಮರದ ಕಡೆ ನೋಡಿದ, ಆಮೇಲೆ ಹೆಂಡತಿಯ ಕಡೆ. ಅವಳು ಎರಡೂ ಕೈ ಚಾಚಿ ಚೂರನ್ನು ತೆಗೆದುಕೊಂಡಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಉಟ್ಟ ಬಟ್ಟೆಯ ತುದಿಯಲ್ಲಿ ಕಟ್ಟಿಕೊಂಡು ಮನೆಯೊಳಗೆ ಹೋದಳು. ಪ್ರಸಾದ ಅಂದದ್ದಕ್ಕೆ ಎಷ್ಟು ಭಕ್ತಿ ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಸಂಜೆ ಹೊತ್ತಿಗೆ ಸುದ್ದಿ ಬಂತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ. ಕಾಕಾ ನನ್ನನ್ನು ಎತ್ತಿ ತಿರುಗಿಸಿ ಕೆಳಗಿಳಿಸಿದರು. ‘ಲಕ್ಷ್ಮೀ ಬಂದಾಳಲೇ! ಸಕ್ರಿ ಹಂಚೋ ಮಗನ!’ ನಾನು ಹಡಗಿನಿಂದ ತಂದ ಸಕ್ಕರೆ ಹಿಡಿದು ಯಜಮಾನನ ಮನೆಗೆ ಓಡಿದೆ. ಅವನು ನನ್ನ ಕೈಹಿಡಿದು ಒಳ್ಳೆಯದಾಯಿತು ಅಂದ. ಆಮೇಲೆ ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದ. ‘ನೀನು ಊರಿನಲ್ಲಿ ಬೇರೆಯವರ ಬಾಯಿಂದ ಕೇಳುವುದು ಬೇಡ, ನಾನೇ ಹೇಳುತ್ತೇನೆ. ಅದು ನಮ್ಮ ಮಗನ ಮರ.’

ಅವರಲ್ಲಿ ಮಗು ಹುಟ್ಟಿದಾಗ ಹೊಕ್ಕಳಬಳ್ಳಿಯನ್ನು ನೆಲದಲ್ಲಿಟ್ಟು ಅದರ ಮೇಲೆ ಒಂದು ತೆಂಗು ನೆಡುತ್ತಾರಂತೆ. ಮಗುವೂ ಮರವೂ ಕೂಡಿ ಬೆಳೆಯುತ್ತವೆ. ಅವರಿಗೆ ಇದ್ದವನು ಒಬ್ಬನೇ ಮಗ. ಒಂದು ದಿನ ಮೀನು ಹಿಡಿಯಲು ಹೋದವನ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಮಣ್ಣು ಮಾಡಲು ಏನೂ ಇರಲಿಲ್ಲವಾದ್ದರಿಂದ ತಾಯಿ ಆ ಮರದ ಸುತ್ತ ಚಿಪ್ಪು ಇಟ್ಟಳು. ಅಂದಿನಿಂದ ಅದರ ಕಾಯಿಯನ್ನು ಯಾರೂ ಮುಟ್ಟುವುದಿಲ್ಲ.

ನೆಲ ಬಾಯಿ ಬಿಟ್ಟರೆ ಇಳಿದುಬಿಡಬೇಕು ಅನ್ನಿಸಿತು. ಅವಳ ಮಗನ ಕಾಯಿಯನ್ನು ಒಡೆದು, ಚೂರು ಮಾಡಿ, ಪ್ರಸಾದ ಅಂತ ಅವಳ ಕೈಗೇ ಕೊಟ್ಟಿದ್ದೆನಲ್ಲ! ಒಳಗೆ ಹೋಗಿ ಅವಳ ಕಾಲು ಹಿಡಿದೆ. ಅವಳಿಗೆ ಆ ಪದ್ಧತಿ ಗೊತ್ತಿಲ್ಲ. ನಾನು ಏನೋ ಬೀಳಿಸಿಕೊಂಡು ಹುಡುಕುತ್ತಿದ್ದೇನೆ ಅಂದುಕೊಂಡು ಅವಳೂ ಬಗ್ಗಿ ಹುಡುಕತೊಡಗಿದಳು. ನಗುವ ಮಾತಲ್ಲ ಅದು, ಆದರೂ ಯಜಮಾನ ನಕ್ಕುಬಿಟ್ಟ. ನಾನು ತಲೆ ಎತ್ತದೆ ಬಂದುಬಿಟ್ಟೆ.

ಮರುದಿನ ನಾವು ಹೊರಡುವ ಮುಂಚೆ ಅವಳು ದಂಡೆಗೆ ಬಂದಳು. ಕೈಯಲ್ಲಿ ಅದೇ ಮರದ ಒಂದು ಮೊಳೆತ ತೆಂಗಿನಕಾಯಿ, ಗೇಣುದ್ದ ಹಸಿರು ಚಿಗುರು. ಅವಳು ಹೇಳಿದ್ದನ್ನು ಯಜಮಾನ ಇಂಗ್ಲಿಷಿನಲ್ಲಿ ಹೇಳಿದ: ‘ನೀನು ನಿನ್ನ ಮಗುವಿಗಾಗಿ ಬೇಡಿಕೊಂಡೆ, ನಮ್ಮ ಹುಡುಗ ಕೊಟ್ಟ. ಇದನ್ನು ಒಯ್ದು ನಿನ್ನ ಮಗಳ ಬಳ್ಳಿಯ ಮೇಲೆ ನೆಡು. ಅವನಿಗೆ ಒಬ್ಬ ತಂಗಿ ಸಿಕ್ಕಳು ಅಂದುಕೊಳ್ಳುತ್ತೇವೆ.’ ನಾನು ಅದನ್ನು ಎದೆಗೆ ಅವಚಿಕೊಂಡು ದೋಣಿ ಹತ್ತಿದೆ.

ವಾಪಸು ಬರುವಾಗ ಅದನ್ನು ಬಕೆಟ್ಟಿನಲ್ಲಿ ಮರಳು ಹಾಕಿ ಇಟ್ಟುಕೊಂಡೆ. ನನ್ನ ಪಾಲಿನ ಕುಡಿಯುವ ನೀರಿನಲ್ಲಿ ಅದಕ್ಕೂ ಹಾಕುತ್ತಿದ್ದೆ. ಬಿಸಿಲಿಗೆ ಎತ್ತಿಡುತ್ತಿದ್ದೆ, ಉಪ್ಪುಗಾಳಿ ಎದ್ದರೆ ಒಳಗೆ ತರುತ್ತಿದ್ದೆ. ‘ಏನಪಾ ಬಾಣಂತಿ, ಕೂಸಿಗೆ ನೀರ ಕುಡಿಸಿದೇನು?’ ಎಂದು ಕಾಕಾ ಕಾಡುತ್ತಿದ್ದರು. ಚಿಗುರು ಮೊಣಕಾಲೆತ್ತರ ಬಂತು. ಊರಿಗೆ ಫೋನ್ ಮಾಡಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ಹಿತ್ತಲಲ್ಲಿ ಗುಂಡಿ ತೋಡಿಸಿ, ತಿಪ್ಪೆಗೊಬ್ಬರ ಬೂದಿ ತುಂಬಿಸಿ ಕಾಯುತ್ತಿದ್ದಳು. ಕೂಸಿನ ಹೊಕ್ಕಳಬಳ್ಳಿಯನ್ನು ಕಿತ್ತೂರಿನಿಂದ ತರಿಸಿಕೊಂಡು, ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಿದ್ದಳು.

ಹಡಗು ನಮ್ಮ ಬಂದರು ಮುಟ್ಟಿತು. ಪರದೇಶದ ಗಿಡ, ಬೀಜ, ಮಣ್ಣು ಯಾವುದನ್ನೂ ಹಾಗೇ ಇಳಿಸುವಂತಿಲ್ಲ. ಅದರ ಜೊತೆ ರೋಗ ಬರುತ್ತದೆ, ಕಾನೂನು ಸರಿಯಾಗಿಯೇ ಇದೆ. ತಪಾಸಣೆಯವರು ಒಳ್ಳೆಯ ಮಾತಿನಲ್ಲೇ ಹೇಳಿದರು: ‘ಅರ್ಜಿ ಕೊಡಿ. ಪರೀಕ್ಷೆಗೆ ಕಳಿಸುತ್ತೇವೆ. ಕೆಲವು ದಿನ ನೀವು ಇಲ್ಲೇ ಇರಬೇಕಾಗುತ್ತದೆ. ಕೊಟ್ಟರೂ ಕೊಟ್ಟಾರು.’ ಇಲ್ಲವಾದರೆ ಸುಡುವ ಡಬ್ಬಿ ಅಲ್ಲೇ ಇತ್ತು.

ಅಂದು ಸಂಜೆಯ ರೈಲಿಗೆ ನನ್ನ ಟಿಕೆಟ್ ಇತ್ತು. ಮಗಳ ಮುಖ ನಾನಿನ್ನೂ ನೋಡಿರಲಿಲ್ಲ. ‘ನಿಲ್ಲೋ, ಅರ್ಜಿ ಕೊಡು, ನಾ ಬೇಕಾದ್ರ ಜೋಡಿ ಇರತೇನಿ’ ಅಂದರು ಕಾಕಾ. ‘ಹೋಗ್ಲಿ ಬಿಡ್ರಿ ಕಾಕಾ, ಒಂದ ತೆಂಗಿನಗಿಡ. ಊರಾಗ ಸಿಗಂಗಿಲ್ಲೇನು?’ ಅಂದೆ. ಅಂದದ್ದು ನಾನೇ, ಇದೇ ಬಾಯಿ. ಅಷ್ಟು ದಿನ ಮಗುವಿನಂತೆ ಸಾಕಿದ್ದನ್ನು ಬಕೆಟ್ಟಿನಿಂದ ಕಿತ್ತು ಡಬ್ಬಿಗೆ ಹಾಕಿ, ಕೈ ತೊಳೆದುಕೊಂಡು ರೈಲು ಹತ್ತಿದೆ. ಕಾಕಾ ಬೀಳ್ಕೊಡಲು ಸ್ಟೇಷನ್ನಿಗೆ ಬರಲಿಲ್ಲ.

ಮನೋಳಿಗೆ ಬಂದಾಗ ಅವ್ವ ಬಾಗಿಲಲ್ಲೇ ನನ್ನ ಕೈ ನೋಡಿದಳು. ಏನಾಯಿತೆಂದು ಹೇಳಿದೆ. ‘ತಮ್ಮ ಕೂಸ ನಂಬಿ ಕೊಟ್ಟ ಕಳಿಸಿದ್ರ ಕಸದಾಗ ಒಗದ ಬಂದ್ಯಲ್ಲೋ, ಖೋಡಿ!’ ಅಂದಳು. ಆ ದಿನ ನನಗೆ ಊಟಕ್ಕೆ ಬಡಿಸಲಿಲ್ಲ, ತಂಗಳ ರೊಟ್ಟಿ ನಾನೇ ಹಾಕಿಕೊಂಡು ಉಂಡೆ. ಮರುದಿನ ಅವಳೇ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋಗಿ, ನರ್ಸರಿಯಿಂದ ಒಂದು ಗಿಡ್ಡ ಜಾತಿಯ ಸಸಿ ತಂದಳು. ‘ತೋಡಿದ ತೆಗ್ಗ ಖಾಲಿ ಬಿಡಬಾರದು’ ಎಂದು ಬಳ್ಳಿಯನ್ನಿಟ್ಟು ಅದರ ಮೇಲೆ ನೆಟ್ಟಳು. ಮಗಳು ಮನೋಳಿಗೆ ಬಂದ ದಿನ, ಅವಳನ್ನು ಎತ್ತಿಕೊಂಡು ಹೆಂಡತಿ ಆ ಸಸಿಯ ಪಕ್ಕ ನಿಂತಳು, ನಾನು ಫೋಟೋ ತೆಗೆದೆ. ಅದನ್ನು ಯಜಮಾನನ ಮೊಬೈಲಿಗೆ ಕಳಿಸಿದೆ. ಇದು ನನ್ನ ಮಗಳು ಎಂದಷ್ಟೇ ಬರೆದೆ. ಸಸಿಯ ಬಗ್ಗೆ ಒಂದು ಅಕ್ಷರವೂ ಬರೆಯಲಿಲ್ಲ. ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಲು ಹೂಡಿದ ಹೂಟ ಅದು.

ಅವನ ಉತ್ತರ ಬಂತು: ‘ಫೋಟೋ ನೋಡಿ ನನ್ನ ಹೆಂಡತಿ ಬಹಳ ದಿನಗಳ ಮೇಲೆ ಹಾಡು ಹೇಳಿದಳು.’

ಅಂಥ ಮಾತು ಓದಿದ ಮೇಲೆ ಇನ್ನೇನು ಹೇಳಲಿ? ನಾಳೆ ಹೇಳೋಣ, ಹಬ್ಬ ಕಳೆಯಲಿ, ಎಂದು ಮುಂದೂಡಿದೆ. ವರ್ಷಗಳು ಹೋದವು. ನಾನು ಆ ವರ್ಷವೇ ನೌಕರಿ ಮುಗಿಸಿ ಮನೋಳಿಗೇ ಬಂದು ನಿಂತಿದ್ದೆ. ಮೊದಲು ಫೋಟೋ, ಆಮೇಲೆ ವಿಡಿಯೋ ಕಾಲ್. ಮಗಳು ಮಾತು ಕಲಿತಾಗ ಅವ್ವ ಅವಳಿಗೆ ದ್ವೀಪದ ಅಣ್ಣನ ಕಥೆ ಹೇಳಿ, ಮರವನ್ನು ಅಣ್ಣ ಅನ್ನಲು ಕಲಿಸಿದಳು. ಮಗಳು ಅಣ್ಣಾ ಅಂದರೆ ಆ ತಾಯಿಗೆ ಅದೊಂದು ಕನ್ನಡ ಪದ ತಿಳಿಯುತ್ತಿತ್ತು. ಅವಳೂ ಅಲ್ಲಿಂದ, ಅಣ್ಣಾ, ಅಣ್ಣಾ ಎಂದು ಕೂಗುತ್ತಿದ್ದಳು. ನಾನು ಫೋನ್ ಹೆಂಡತಿಯ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದೆ.

ಈ ವರ್ಷ ಬೇಸಿಗೆಯಲ್ಲಿ ಅವರ ದ್ವೀಪಕ್ಕೆ ದೊಡ್ಡ ಬಿರುಗಾಳಿ ಬಂತು. ಬಹಳ ದಿನ ಅವರ ಸುದ್ದಿಯಿರಲಿಲ್ಲ. ಕೊನೆಗೆ ಯಜಮಾನನ ಸಂದೇಶ ಬಂತು, ಅವರಿಬ್ಬರೂ ಕ್ಷೇಮ, ಮನೆಯ ಚಾವಣಿ ಹೋಯಿತು, ಮಗನ ಮರ ಬುಡಸಮೇತ ಹೋಯಿತು. ಉದುರಿದ ಕಾಯಿಗಳನ್ನೂ ಸಮುದ್ರವೇ ಒಯ್ದಿತ್ತು. ‘ನನ್ನ ಹೆಂಡತಿ ಚಿಪ್ಪುಗಳನ್ನು ಹುಡುಕಿ ತಂದು ಮತ್ತೆ ಸುತ್ತಲೂ ಜೋಡಿಸಿದ್ದಾಳೆ. ನಡುವಿನ ಜಾಗ ಖಾಲಿ ಇಟ್ಟಿದ್ದಾಳೆ. ನಿಮ್ಮ ಮರ ಫಲ ಬಿಟ್ಟಾಗ ಒಂದು ಕಾಯಿ ಕಳಿಸು. ಅವಸರವಿಲ್ಲ’ ಎಂದು ಬರೆದಿದ್ದ.

ನಮ್ಮ ಮರ ಆಗಲೇ ಫಲ ಬಿಟ್ಟಿತ್ತು. ಗಿಡ್ಡ ಜಾತಿ, ಬೇಗ ಬಿಡುತ್ತದೆ. ಮುಂದಿನ ಕಾಲ್‌ನಲ್ಲಿ ಮಗಳು ಫೋನನ್ನು ಕಸಿದುಕೊಂಡು ಹಿತ್ತಲಿಗೆ ಓಡಿ, ‘ನೋಡ್ರಿ, ಅಣ್ಣ ಕಾಯಿ ಬಿಟ್ಟಾನ!’ ಎಂದು ಗೊನೆ ತೋರಿಸಿಯೇಬಿಟ್ಟಳು. ಸಿಕ್ಕಿಬಿದ್ದೆ, ತಮ್ಮ ಎತ್ತರದ ಜಾತಿಯ ಮರ ಇಷ್ಟು ಬೇಗ ಬಿಡುವುದಿಲ್ಲವೆಂದು ಅವರಿಗೆ ಗೊತ್ತಿರದೆ ಇರುತ್ತದೆಯೇ ಅಂದುಕೊಂಡೆ. ಯಜಮಾನ ಅಂದ: ‘ನಿಮ್ಮ ನದಿಯ ಮಣ್ಣು ಎಷ್ಟು ಒಳ್ಳೆಯದು!’ ಆ ತಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಸಿಕ್ಕಿಬಿದ್ದಿದ್ದರೇ ಚೆನ್ನಾಗಿತ್ತು.

ಅವ್ವನಿಗೆ ಎಲ್ಲ ಅರ್ಥವಾಗಿತ್ತು. ‘ಹೇಳಬ್ಯಾಡೋ ತಮ್ಮಾ’ ಅಂದಳು. ‘ನಾ ಏನರೆ ಬೈದೇನಿ, ಆದ್ರ ಈಗ ಹೇಳಬ್ಯಾಡ. ಅರ್ಜಿ ಕೊಡು, ಕಾಗದ ಮಾಡಸು, ಇದರದ ಒಂದ ಕಾಯಿ ಕಳಸು. ಆ ತಾಯಿ ಜೀವ ತಣ್ಣಗಾಗತೈತಿ. ಕಾಯಿ ಮ್ಯಾಲೆ ಯಾರ ಹೆಸರ ಬರದಿರತೈತಿ?’

ತೊರಗಲ್ಲಿಗೆ ಫೋನ್ ಮಾಡಿದೆ. ಕಾಕಾ ಎಲ್ಲ ಕೇಳಿಸಿಕೊಂಡರು. ‘ಅವತ್ತ ಅರ್ಜಿ ಬರೀ ಅಂದ್ರ ಬರೀಲಿಲ್ಲ, ಈಗ ಸುಳ್ಳ ಕಳಸಾಕ ಅರ್ಜಿ ಬರೀತಿ ಏನು?’ ಅಂದು ಫೋನ್ ಇಟ್ಟರು.

ಅವ್ವನ ಮಾತಿನಂತೆ ಮಾಡಲು ನನಗೆ ಮನಸ್ಸಿರಲಿಲ್ಲ ಅಂದರೆ ಅದೂ ಸುಳ್ಳೇ. ಒಂದು ವಾರ ಅದನ್ನೇ ಯೋಚಿಸಿದೆ. ಆದರೆ ಮಗನ ಹೊಕ್ಕಳಬಳ್ಳಿ ಇರುವ ಜಾಗದಲ್ಲಿ ಆ ಹೆಂಗಸು ಬೈಲಹೊಂಗಲದ ನರ್ಸರಿಯ ಕಾಯಿಯನ್ನು ಊರಿ, ನೀರು ಹಾಕಿ, ಮಾತಾಡಿಸುತ್ತ ಮುದುಕಿಯಾಗುತ್ತಾಳೆ ಎಂದು ನೆನೆದಾಗ ಅದು ನನ್ನಿಂದ ಆಗದು ಅನ್ನಿಸಿತು.

ಕಳೆದ ರವಿವಾರ ಬೆಳಿಗ್ಗೆ ಹಿತ್ತಲಲ್ಲಿ ಕೂತು ನಾನೇ ಕಾಲ್ ಮಾಡಿದೆ. ಮಗಳನ್ನು ಒಳಗೆ ಕಳಿಸಿದೆ. ಡಬ್ಬಿಯ ಮಾತು, ರೈಲಿನ ಮಾತು, ನರ್ಸರಿಯ ಮಾತು ಎಲ್ಲವನ್ನೂ ಹೇಳಿದೆ. ಕಾನೂನಿನ ಹಿಂದೆ ಅಡಗಬಾರದೆಂದು, ಕೆಲವು ದಿನ ನಿಂತಿದ್ದರೆ ಸಿಗುತ್ತಿತ್ತೇನೋ, ನಾನೇ ನಿಲ್ಲಲಿಲ್ಲ ಎಂದೂ ಹೇಳಿದೆ. ಯಜಮಾನ ಹೆಂಡತಿಯ ಕಡೆ ತಿರುಗಿ ಅವರ ಭಾಷೆಯಲ್ಲಿ ನಿಧಾನವಾಗಿ ಹೇಳತೊಡಗಿದ. ನಾನು ಅವಳ ಮುಖ ನೋಡಲಾರದೆ ಫೋನಿನ ಅಂಚನ್ನು ನೋಡುತ್ತಿದ್ದೆ.

ಅವಳು ಏನೋ ಕೇಳಿದಳು. ಅವನು ಇಂಗ್ಲಿಷಿನಲ್ಲಿ ಹೇಳಿದ: ‘ನೀನು ಅದನ್ನು ಹಾಕುವಾಗ ಚಿಗುರು ಹಸಿರಾಗಿತ್ತೇ ಅಂತ ಕೇಳುತ್ತಾಳೆ.’

‘ಹಸಿರಾಗಿತ್ತು’ ಅಂದೆ. ‘ಮೊಣಕಾಲೆತ್ತರ ಬೆಳೆದಿತ್ತು.’

ಅವನು ಅವಳಿಗೆ ಹೇಳಿದ. ಅವಳು ತಲೆಯಾಡಿಸಿದಳು. ಮತ್ತೆ ಏನೋ ಅಂದಳು.

‘ಹಾಗಾದರೆ ಈ ಸಲ ದಡ ಮುಟ್ಟುವ ತನಕ ಅವನು ಬದುಕಿದ್ದ ಅನ್ನುತ್ತಾಳೆ.’

ಫೋನು ಕಡಿಯಿತು, ಅವರೇ ಇಟ್ಟರೋ ಸಿಗ್ನಲ್ ಹೋಯಿತೋ ತಿಳಿಯಲಿಲ್ಲ. ಒಳಗಿನಿಂದ ಮಗಳು ಚರಿಗೆ ಹಿಡಿದು ಬಂದಳು, ಮರದ ಬುಡಕ್ಕೆ ನೀರು ಹಾಕಿ, ‘ಅಣ್ಣಾ, ಕುಡೀಪಾ’ ಅಂದಳು. ನಾನು ಎದ್ದು ಹೋಗಲಿಲ್ಲ, ಅಲ್ಲೇ ಕೂತಿದ್ದೆ.